ರನ್-ಡಿಎಂಸಿ ಗುಂಪಿನ ರ‍್ಯಾಪ್‌ಗೆ ಹೆವಿ ರಾಕ್ ಬಂದದ್ದು ಎಲ್ಲಿಂದ?

ಕೇಳುಗ_ಧಾರವಾಡ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ವಾಚನಾಲಯದಲ್ಲಿ ತಿಂಗಳಿಗೊಮ್ಮೆ ಹತ್ತು-ಹನ್ನೆರಡು ಜನ ಸೇರಿ, ಯಾವುದಾದರೂ ಒಂದು ಬಗೆಯ ಸಂಗೀತವನ್ನು ಒಂದು ಗಂಟೆ ಕೇಳಿ, ಆಮೇಲೆ ಅದರ ಬಗ್ಗೆ ಮಾತನಾಡುವ ಪರಿಪಾಠವಿದೆ. ಬರುವವರಲ್ಲಿ ಹೆಚ್ಚಿನವರು ಖಯಾಲ್, ಠುಮ್ರಿ ಕೇಳಿ ಬೆಳೆದವರು. ಇಬ್ಬರು ಮಾತ್ರ ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಮುಂದಿನ ತಿಂಗಳ ಸರದಿ ನನ್ನದು. ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಹಾಲಿಸ್‌ನಿಂದ ಬಂದ ರನ್-ಡಿಎಂಸಿ ಎಂಬ ಹಿಪ್ ಹಾಪ್ ಗುಂಪು ರ‍್ಯಾಪ್‌ಗೆ ಹೆವಿ ರಾಕ್ ಬೆರೆಸಿದ ಬಗೆಯನ್ನು ಕೇಳಿಸಬೇಕೆಂದು ಹೊರಟಿದ್ದೇನೆ.

ನನಗೆ ತಿಳಿದಿರುವಷ್ಟನ್ನು ಮೊದಲು ಹೇಳಿಬಿಡುತ್ತೇನೆ. ಗುಂಪಿನಲ್ಲಿದ್ದವರು ಮೂವರು: ರನ್ ಎಂದು ಹೆಸರಾದ ಜೋಸೆಫ್ ಸಿಮನ್ಸ್, ಡಿಎಂಸಿ ಎಂದು ಹೆಸರಾದ ಡ್ಯಾರಿಲ್ ಮೆಕ್‌ಡ್ಯಾನಿಯಲ್ಸ್, ಮತ್ತು ರೆಕಾರ್ಡುಗಳನ್ನು ತಿರುಗಿಸುತ್ತಿದ್ದ ಜಾಮ್ ಮಾಸ್ಟರ್ ಜೇ, ಅಂದರೆ ಜೇಸನ್ ಮಿಜೆಲ್. 1984ರ ಮೊದಲ ಆಲ್ಬಮ್‌ನ ‘ರಾಕ್ ಬಾಕ್ಸ್’ ಹಾಡಿನಲ್ಲಿಯೇ ಗಿಟಾರ್ ಮೊಳಗುತ್ತದೆ. 1985ರ ಎರಡನೆಯ ಆಲ್ಬಮ್‌ಗೆ ಅವರು ‘ಕಿಂಗ್ ಆಫ್ ರಾಕ್’ ಎಂದೇ ಹೆಸರಿಟ್ಟರು. 1986ರ ‘ರೈಸಿಂಗ್ ಹೆಲ್’ ಆಲ್ಬಮ್‌ಗಾಗಿ ಏರೋಸ್ಮಿತ್ ಬ್ಯಾಂಡ್‌ನ ‘ವಾಕ್ ದಿಸ್ ವೇ’ ಹಾಡನ್ನು, ಆ ಬ್ಯಾಂಡ್‌ನ ಗಾಯಕ ಸ್ಟೀವನ್ ಟೈಲರ್ ಮತ್ತು ಗಿಟಾರ್ ವಾದಕ ಜೋ ಪೆರ್ರಿ ಇವರನ್ನೇ ಕರೆಸಿ ಹೊಸದಾಗಿ ಮಾಡಿದರು. ಅದು ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 4ನೆಯ ಸ್ಥಾನಕ್ಕೆ ಏರಿತು; ಮೂಲ ಹಾಡು 1977ರಲ್ಲಿ ಮುಟ್ಟಿದ್ದು 10ನೆಯ ಸ್ಥಾನವನ್ನು.

ಇದನ್ನು ನಮ್ಮ ಗುಂಪಿನ ಸ್ನೇಹಿತರೊಬ್ಬರಿಗೆ ಹೇಳಿದಾಗ ಅವರು ನಕ್ಕುಬಿಟ್ಟರು. ಕಪ್ಪು ಹುಡುಗರ ಸಂಗೀತವನ್ನು ಬಿಳಿಯರ ಮನೆಗಳಿಗೆ ಮಾರುವುದಕ್ಕೆ ಕಂಪನಿಯವರು ಹೂಡಿದ ಉಪಾಯವೇ ಅದು, ಸಂಗೀತದ ದೃಷ್ಟಿಯಿಂದ ರ‍್ಯಾಪ್‌ಗೂ ರಾಕ್‌ಗೂ ಎಣ್ಣೆ-ಸೀಗೇಕಾಯಿ ಸಂಬಂಧ ಎಂಬುದು ಅವರ ವಾದ. ನನ್ನ ಕಿವಿ ಒಪ್ಪುತ್ತಿಲ್ಲ. 1975ರ ಮೂಲ ಹಾಡನ್ನೂ 1986ರ ಹಾಡನ್ನೂ ಒಂದರ ಹಿಂದೆ ಒಂದರಂತೆ ಕೇಳಿದರೆ, ಎರಡನೆಯದರಲ್ಲಿ ಏನೋ ಬೆಸುಗೆ ಹಾಕಿದಂತೆ ಅನ್ನಿಸುವುದಿಲ್ಲ. ಮೊದಲಿನಿಂದಲೂ ಅದು ಹೀಗೇ ಇರಬೇಕಾಗಿತ್ತೇನೋ ಅನ್ನಿಸುತ್ತದೆ. ಆದರೆ ಹಾಗೇಕೆ ಅನ್ನಿಸುತ್ತದೆಂದು ವಿವರಿಸುವ ಪರಿಭಾಷೆ ನನ್ನ ಬಳಿ ಇಲ್ಲ. ತಿಳಿದವರು ದಯವಿಟ್ಟು ಎರಡು ಸಂಗತಿಗಳನ್ನು ಬಿಡಿಸಿ ಹೇಳಬೇಕು: ಈ ಬೆರಕೆ ಹೊರಗಿನಿಂದ ತಂದು ಅಂಟಿಸಿದ್ದೋ, ಒಳಗೇ ಇದ್ದದ್ದೋ? ಮತ್ತು ಠುಮ್ರಿ ಕೇಳುವವರ ಮುಂದೆ ಇದನ್ನು ಎಲ್ಲಿಂದ ಶುರು ಮಾಡಿದರೆ ಒಳ್ಳೆಯದು?

ಎರಡು_ತಟ್ಟೆ

ನಮಸ್ಕಾರ. ಹತ್ತಾರು ವರ್ಷಗಳಿಂದ ನ್ಯೂಯಾರ್ಕಿನಲ್ಲಿದ್ದೇನೆ, ಹೊಟ್ಟೆಪಾಡಿಗೆ ಬೇರೆ ಕೆಲಸವಿದ್ದರೂ ಶನಿವಾರದ ರಾತ್ರಿಗಳಲ್ಲಿ ಹಳೆಯ ರೆಕಾರ್ಡುಗಳನ್ನು ನುಡಿಸುವ ಚಟ ಅಂಟಿಸಿಕೊಂಡಿದ್ದೇನೆ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಡಿಜೆಯ ಮೇಜಿನ ಕಡೆಯಿಂದ ಉತ್ತರ ಹೇಳುವುದು ನನಗೆ ಸುಲಭ. ನಿಮ್ಮ ಸ್ನೇಹಿತರ ಮಾತಿನಲ್ಲಿ ಮುಖ್ಯವಾದ ತಪ್ಪೊಂದಿದೆ. ರ‍್ಯಾಪ್ ಮೊದಲು ಹುಟ್ಟಿ, ಆಮೇಲೆ ಅದಕ್ಕೆ ರಾಕ್ ಸೇರಿತು ಎಂದು ಅವರು ಎಣಿಸಿದ್ದಾರೆ.

ಹಿಪ್ ಹಾಪ್ ಹುಟ್ಟಿದ ದಿನವೆಂದು ಸಾಮಾನ್ಯವಾಗಿ ಹೇಳುವುದು 1973ರ ಆಗಸ್ಟ್ 11ನ್ನು. ಬ್ರಾಂಕ್ಸ್‌ನ 1520 ಸೆಜ್‌ವಿಕ್ ಅವೆನ್ಯೂ ಎಂಬ ವಸತಿ ಕಟ್ಟಡದಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಪಾರ್ಟಿ ಅದು. ಕುಣಿಯುವವರು ಹಾಡಿನ ಯಾವ ಭಾಗಕ್ಕೆ ಕಾದಿರುತ್ತಾರೆಂಬುದನ್ನು ಹರ್ಕ್ ಗಮನಿಸಿದ್ದರು: ಹಾಡುಗಾರಿಕೆಯೂ ಉಳಿದ ವಾದ್ಯಗಳೂ ಸರಿದು ಡ್ರಮ್ಸ್ ಮಾತ್ರ ಉಳಿಯುವ ಕೆಲವೇ ಸೆಕೆಂಡುಗಳ ಭಾಗಕ್ಕೆ. ಅದಕ್ಕೆ ಬ್ರೇಕ್ ಎನ್ನುತ್ತಾರೆ. ನಿಮ್ಮ ಗೆಳೆಯರಿಗೆ ಹೇಳುವುದಾದರೆ, ಠುಮ್ರಿಯ ಕೊನೆಯಲ್ಲಿ ಹಾಡು ಹಿಂದೆ ಸರಿದು ತಬಲಾ ಲಗ್ಗಿಗೆ ಇಳಿಯುತ್ತದಲ್ಲ, ಠುಮ್ರಿಯನ್ನೇ ಬಿಟ್ಟು ಬರೀ ಆ ಲಗ್ಗಿಯನ್ನು ಹತ್ತು ನಿಮಿಷ ಕೇಳಬೇಕೆಂದು ಹಟ ಹಿಡಿದ ಕೇಳುಗರನ್ನು ಊಹಿಸಿಕೊಳ್ಳಲಿ. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು, ಒಂದರಲ್ಲಿ ಬ್ರೇಕ್ ಮುಗಿಯುವಷ್ಟರಲ್ಲಿ ಇನ್ನೊಂದನ್ನು ಅದೇ ಜಾಗಕ್ಕೆ ಹಿಂದೆ ತಿರುಗಿಸಿಕೊಂಡು ಬಿಟ್ಟರೆ, ಐದು ಸೆಕೆಂಡಿನ ಲಯ ಬೇಕಾದಷ್ಟು ಹೊತ್ತು ನಡೆಯುತ್ತದೆ. ಆ ಲಯದ ಮೇಲೆ ಮಾತು ಹೇಳುವುದೇ ಮುಂದೆ ರ‍್ಯಾಪ್ ಆಯಿತು.

ಈಗ ಮುಖ್ಯ ಸಂಗತಿ. ಬ್ರೇಕ್ ಹುಡುಕುವ ಡಿಜೆಗೆ ರೆಕಾರ್ಡು ಯಾರದು, ಅವರ ಚರ್ಮದ ಬಣ್ಣ ಯಾವುದು ಎಂಬ ಹಂಗಿರಲಿಲ್ಲ. ಡ್ರಮ್ಸ್ ಗಟ್ಟಿಯಾಗಿರಬೇಕು, ಅಷ್ಟೆ. ಕಪ್ಪು ಗಾಯಕ ಜೇಮ್ಸ್ ಬ್ರೌನ್ ಎಷ್ಟು ಬೇಕಾಗಿದ್ದರೋ ಹಾರ್ಡ್ ರಾಕ್‌ನವರೂ ಅಷ್ಟೇ ಬೇಕಾಗಿದ್ದರು. ಬಿಲ್ಲಿ ಸ್ಕ್ವೈಯರ್ ಅವರ ‘ದ ಬಿಗ್ ಬೀಟ್’ ಎಂಬ 1980ರ ಹಾಡು ಹಿಪ್ ಹಾಪ್‌ನವರಿಗೆ ಇಂದಿಗೂ ತವರುಮನೆಯಿದ್ದಂತೆ. ಏರೋಸ್ಮಿತ್ ಬ್ಯಾಂಡ್‌ನ 1975ರ ‘ಟಾಯ್ಸ್ ಇನ್ ದಿ ಆ್ಯಟಿಕ್’ ಆಲ್ಬಮ್‌ನ ಮೊದಲ ಮಗ್ಗುಲಿನಲ್ಲಿ ನಾಲ್ಕನೆಯ ಹಾಡಾದ ‘ವಾಕ್ ದಿಸ್ ವೇ’ ಶುರುವಾಗುವುದೇ ಜೋಯಿ ಕ್ರೇಮರ್ ಅವರ ಬರಿ ಡ್ರಮ್ಸ್‌ನಿಂದ. ಅದು ಎರಡು ಆವರ್ತ ನಡೆದ ಮೇಲೆ ಗಿಟಾರ್ ಬರುತ್ತದೆ. ರನ್ ಮತ್ತು ಡಿಎಂಸಿ ಹುಡುಗರಾಗಿದ್ದಾಗ ಬೀದಿ ಪಾರ್ಟಿಗಳಲ್ಲಿ ಈ ಆರಂಭದ ಮೇಲೆ ಎಷ್ಟೋ ಸಲ ರ‍್ಯಾಪ್ ಮಾಡಿದ್ದರು. ಆದರೆ ಸ್ಟೀವನ್ ಟೈಲರ್ ಬಾಯಿ ತೆರೆಯುವ ಮೊದಲೇ ಡಿಜೆ ರೆಕಾರ್ಡನ್ನು ಹಿಂದಕ್ಕೆ ತಿರುಗಿಸುತ್ತಿದ್ದುದರಿಂದ ಹಾಡು ಮುಂದೆ ಹೇಗೆ ಸಾಗುತ್ತದೆಂಬುದೇ ಅವರಿಗೆ ಗೊತ್ತಿರಲಿಲ್ಲ. ಬ್ಯಾಂಡ್‌ನ ಹೆಸರೂ ಗೊತ್ತಿರಲಿಲ್ಲ. ಆಲ್ಬಮ್‌ನ ಹೆಸರು ಹೇಳಿ, ‘ನಾಲ್ಕನೆಯದನ್ನು ಹಾಕು’ ಎಂದರೆ ಜೇಗೆ ತಿಳಿಯುತ್ತಿತ್ತು. (ಕೊನೆಗೆ ಹಾಡು ಪಟ್ಟಿಯಲ್ಲಿ ನಿಂತದ್ದೂ ನಾಲ್ಕರಲ್ಲೇ ಎಂಬುದು ಕಾಕತಾಳೀಯ, ಆದರೂ ನನಗೆ ಖುಷಿ ಕೊಡುತ್ತದೆ.)

1986ರ ಮಾರ್ಚ್‌ನಲ್ಲಿ ಮ್ಯಾನ್‌ಹಟನ್‌ನ ಸ್ಟುಡಿಯೋದಲ್ಲಿ ನಡೆದ ಜಗಳ ಈ ಕಾರಣದಿಂದಲೇ ಹುಟ್ಟಿದ್ದು. ನಿರ್ಮಾಪಕ ರಿಕ್ ರೂಬಿನ್ ಅವರು ಹಾಡನ್ನು ಪೂರ್ತಿ ಕೇಳಿ, ಸಾಹಿತ್ಯ ಬರೆದುಕೊಂಡು ಬನ್ನಿ ಎಂದಾಗ, ರನ್ ಮತ್ತು ಡಿಎಂಸಿ ಆ ಮಾತುಗಳನ್ನು ಅರ್ಥವಿಲ್ಲದ ಒದರಾಟವೆಂದು ತಳ್ಳಿಹಾಕಿದರು. ತಮ್ಮ ಮಾತು ತಮಗಿರಲಿ, ಡ್ರಮ್ಸ್ ಮತ್ತು ಗಿಟಾರ್ ಸಾಕು ಎಂಬುದು ಅವರ ಇಚ್ಛೆಯಾಗಿತ್ತು. ಇದನ್ನು ಗಮನವಿಟ್ಟು ನೋಡಿ: ರಾಕ್ ಬೇಡವೆಂದು ಅವರು ಹೇಳಲಿಲ್ಲ, ರಾಕ್ ಹಾಡಿನ ಮಾತು ಬೇಡವೆಂದರು. ರಾಕ್‌ನ ಲಯ ಅವರ ಪಾಲಿಗೆ ಎಂದೋ ಸ್ವಂತದ್ದಾಗಿತ್ತು. ಆದ್ದರಿಂದ 1986ರಲ್ಲಿ ಹೊಸದಾಗಿ ನಡೆದದ್ದು ಬೆರಕೆಯಲ್ಲ. ಡಿಜೆ ಯಾವಾಗಲೂ ನಿಲ್ಲಿಸುತ್ತಿದ್ದ ಜಾಗವನ್ನು ದಾಟಿ ರೆಕಾರ್ಡು ಮುಂದೆ ಓಡಿತು, ಅಷ್ಟೆ.

ಕಬ್ಬಿಣದ_ತಂತಿ

ಮೇಲಿನವರು ಇತಿಹಾಸವನ್ನು ಚೆನ್ನಾಗಿ ಹೇಳಿದ್ದಾರೆ. ನಾನು ಬೆಂಗಳೂರಿನಲ್ಲಿ ಗಿಟಾರ್ ನುಡಿಸುವವನು, ಆದ್ದರಿಂದ ‘ಹೊಂದುತ್ತದೆ’ ಎಂದು ನಿಮ್ಮ ಕಿವಿಗೆ ಏಕೆ ಅನ್ನಿಸಿತೆಂಬುದನ್ನು ನಾದದ ಕಡೆಯಿಂದ ಹೇಳಲು ಯತ್ನಿಸುತ್ತೇನೆ.

ಹೆವಿ ರಾಕ್‌ನಲ್ಲಿ ಗಿಟಾರ್ ನುಡಿಸುವುದು ಹೆಚ್ಚಾಗಿ ಪವರ್ ಕಾರ್ಡ್ ಎಂಬುದನ್ನು. ಹೆಸರಿಗೆ ಹೆದರಬೇಡಿ, ಅದರಲ್ಲಿರುವುದು ಷಡ್ಜ, ಪಂಚಮ, ಮೇಲಿನ ಷಡ್ಜ. ಅಂದರೆ ನಿಮ್ಮ ತಂಬೂರಿಯಲ್ಲಿ ಇರುವುದೇ. ಗಾಂಧಾರ ಇರುವುದಿಲ್ಲ. ಗಾಂಧಾರ ಇದ್ದಿದ್ದರೆ ಕೋಮಲವೋ ಶುದ್ಧವೋ ಎಂಬುದು ನಿರ್ಧಾರವಾಗಿ, ಹಾಡುವವನೂ ಆ ಭಾವಕ್ಕೆ ತಲೆಬಾಗಬೇಕಾಗುತ್ತಿತ್ತು. ಅದಿಲ್ಲದ ಕಾರಣ ಸ್ವರವೇ ಇಲ್ಲದ ಮಾತು, ಅಂದರೆ ರ‍್ಯಾಪ್, ಅದರ ಮೇಲೆ ಅಪಸ್ವರವಾಗದೆ ನಿಲ್ಲುತ್ತದೆ. ಎರಡನೆಯದಾಗಿ, ರಿಫ್ ಎನ್ನುವುದು ಸ್ವಭಾವತಃ ಆವರ್ತನ. ಒಂದೋ ಎರಡೋ ಅಳತೆಯ ತುಣುಕೊಂದು ಸುತ್ತಿ ಸುತ್ತಿ ಅದೇ ಸಮಕ್ಕೆ ಬಂದು ಬೀಳುತ್ತದೆ. ಡಿಜೆ ಎರಡು ರೆಕಾರ್ಡು ಇಟ್ಟುಕೊಂಡು ಪಡುವ ಕಷ್ಟವನ್ನು ಗಿಟಾರ್ ವಾದಕ ಬೆರಳಿನಲ್ಲೇ ಮಾಡಿ ಮುಗಿಸುತ್ತಾನೆ.

ಆದರೆ ಇದರಲ್ಲೊಂದು ತೊಡಕಿದೆ. ಅದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಮಾನ ಕಳೆದುಕೊಂಡು. ಕಾಲೇಜಿನಲ್ಲಿದ್ದಾಗ ನಮ್ಮ ಬ್ಯಾಂಡ್ ಒಂದು ಉತ್ಸವದಲ್ಲಿ ರ‍್ಯಾಪ್-ರಾಕ್ ನುಡಿಸಲು ವೇದಿಕೆ ಏರಿತು. ಇಬ್ಬರು ಗಿಟಾರ್, ಇಬ್ಬರಿಗೂ ನಾದವನ್ನು ಒಡೆದು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್, ಇಬ್ಬರೂ ಪೂರ್ತಿ ಒತ್ತಿದ್ದೆವು. ಎದುರಿಗಿದ್ದವರಿಗೆ ಕೇಳಿಸಿದ್ದು ಹಿಟ್ಟಿನ ಗಿರಣಿ. ಮಾತು ಹೇಳುತ್ತಿದ್ದ ಗೆಳೆಯನ ಕತ್ತಿನ ನರ ಉಬ್ಬಿದ್ದು ಕಾಣುತ್ತಿತ್ತು, ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಡಿಸ್ಟಾರ್ಷನ್ ಹಾಕಿದ ಗಿಟಾರ್ ಮತ್ತು ಮನುಷ್ಯನ ಮಾತಿನ ವ್ಯಂಜನಗಳು ಒಂದೇ ಕಂಪನ ವಲಯದಲ್ಲಿ ಜಾಗಕ್ಕಾಗಿ ಹೊಡೆದಾಡುತ್ತವೆ. ಹಾಡುಗಾರನಾದರೆ ಸ್ವರವನ್ನು ಎಳೆದು ಮೇಲಕ್ಕೆ ಹತ್ತಿ ಪಾರಾಗುತ್ತಾನೆ. ರ‍್ಯಾಪ್ ಮಾಡುವವನಿಗೆ ವ್ಯಂಜನವೇ ಬಂಡವಾಳ, ಅದು ಮುಳುಗಿದರೆ ಅವನ ಬಳಿ ಏನೂ ಉಳಿಯುವುದಿಲ್ಲ.

ರನ್-ಡಿಎಂಸಿಯ ಜಾಣ್ಮೆ ಇಲ್ಲಿದೆ. 1979ರ ‘ರ‍್ಯಾಪರ್ಸ್ ಡಿಲೈಟ್’ ಮುಂತಾದ ಮೊದಲ ರೆಕಾರ್ಡುಗಳ ಹಿಂದೆ ಡಿಸ್ಕೋ ವಾದ್ಯಮೇಳ ತುಂಬಿಕೊಂಡಿತ್ತು. 1983ರಲ್ಲಿ ಇವರು ‘ಸಕರ್ ಎಂಸೀಸ್’ ಹಾಡಿನಲ್ಲಿ ಅದನ್ನೆಲ್ಲ ಕಿತ್ತು ಹಾಕಿ, ಓಬರ್‌ಹೈಮ್ ಡಿಎಂಎಕ್ಸ್ ಎಂಬ ಡ್ರಮ್ ಮಷೀನಿನ ಪೆಟ್ಟು ಮತ್ತು ಕಂಠ, ಇವೆರಡನ್ನೇ ಬಹುಪಾಲು ಉಳಿಸಿಕೊಂಡರು. ಮನೆ ಖಾಲಿ ಮಾಡಿದ ಮೇಲಷ್ಟೇ ಹೊಸ ಸಾಮಾನು ಇಡಲು ಜಾಗ. ‘ರಾಕ್ ಬಾಕ್ಸ್’ ಹಾಡಿನಲ್ಲಿ ಎಡ್ಡಿ ಮಾರ್ಟಿನೆಜ್ ಅವರ ಗಿಟಾರ್ ಬಂದು ಕೂತದ್ದು ಆ ಖಾಲಿ ಜಾಗದಲ್ಲಿ. ಅದರೊಂದಿಗೆ ಇಬ್ಬರೂ ಮಾತನ್ನು ಅರಚಿ ಹೇಳುವ ಪದ್ಧತಿ, ಒಬ್ಬನ ಸಾಲಿನ ಕೊನೆಯ ಪದವನ್ನು ಇನ್ನೊಬ್ಬನೂ ಸೇರಿ ಗುದ್ದುವ ಪದ್ಧತಿ, ಇವೆಲ್ಲ ಗಿಟಾರ್ ಬಂದ ಮೇಲೆ ಕಲಿತದ್ದಲ್ಲ. ಬಯಲಿನಲ್ಲಿ ಸ್ಪೀಕರ್ ಹಾಕಿ ನಡೆಸುತ್ತಿದ್ದ ಪಾರ್ಟಿಗಳಲ್ಲಿ ರೂಢಿಯಾದದ್ದು. ಅಂತಹ ಕಂಠಕ್ಕೆ ಮಾತ್ರ ಅಂತಹ ಗಿಟಾರ್ ಸರಿಹೊಂದುತ್ತದೆ.

ಇನ್ನೊಂದು ತುದಿಯಿಂದ ಇದೇ ಸಮಸ್ಯೆಯನ್ನು ಬಿಡಿಸಿದವರು ಲಾಸ್ ಏಂಜಲೀಸ್‌ನಲ್ಲಿ 1991ರಲ್ಲಿ ಶುರುವಾದ ರೇಜ್ ಅಗೇನ್ಸ್ಟ್ ದ ಮಷೀನ್ ಬ್ಯಾಂಡ್‌ನವರು. ಅಲ್ಲಿ ಡಿಜೆಯೇ ಇಲ್ಲ. 1992ರ ಮೊದಲ ಆಲ್ಬಮ್‌ನ ಹೊದಿಕೆಯಲ್ಲಿ ಸ್ಯಾಂಪಲ್ (ಬೇರೆ ರೆಕಾರ್ಡಿನಿಂದ ಕತ್ತರಿಸಿಕೊಂಡ ತುಣುಕು) ಆಗಲಿ, ಕೀಬೋರ್ಡ್ ಆಗಲಿ, ಸಿಂಥಸೈಜರ್ ಆಗಲಿ ಬಳಸಿಲ್ಲವೆಂದು ಅಚ್ಚು ಹಾಕಿಸಿದ್ದಾರೆ. ಗಿಟಾರ್ ವಾದಕ ಟಾಮ್ ಮೊರೆಲ್ಲೊ ಡಿಜೆಯ ಕೆಲಸವನ್ನೂ ತಾವೇ ಮಾಡುತ್ತಾರೆ. ತಂತಿಯ ಕಂಪನವನ್ನು ಹಿಡಿಯುವ ಪಿಕಪ್ ಎಂಬ ಸಾಧನಗಳು ಎರಡಿರುವ ಗಿಟಾರಿನಲ್ಲಿ ಒಂದರ ವಾಲ್ಯೂಮನ್ನು ಸೊನ್ನೆಗೆ ಇಳಿಸಿ ಇನ್ನೊಂದನ್ನು ಪೂರ್ತಿ ಏರಿಸಿಟ್ಟರೆ, ಪಿಕಪ್ ಬದಲಿಸುವ ಸಣ್ಣ ಸ್ವಿಚ್ಚು ದೀಪದ ಗುಂಡಿಯಂತೆ ಆಗುತ್ತದೆ: ಈಚೆ ತಳ್ಳಿದರೆ ನಾದ, ಆಚೆ ತಳ್ಳಿದರೆ ಮೌನ. ಎಡಗೈಯ ಅಂಗೈಯಿಂದ ತಂತಿಗಳನ್ನು ಪಿಕಪ್ ಮೇಲೆ ಉಜ್ಜುತ್ತ ಬಲಗೈಯಿಂದ ಆ ಸ್ವಿಚ್ಚನ್ನು ಟಕಟಕನೆ ಆಡಿಸಿದರೆ ರೆಕಾರ್ಡನ್ನು ಕೆರೆಯುವ ಸ್ಕ್ರ್ಯಾಚ್ ಸದ್ದೇ ಹೊರಡುತ್ತದೆ. 1996ರ ‘ಬುಲ್ಸ್ ಆನ್ ಪೆರೇಡ್’ ಹಾಡಿನ ಸೋಲೊ ಕೇಳಿಸಿ, ವಿಡಿಯೊ ಇದ್ದರೆ ಕೈಗಳನ್ನೂ ತೋರಿಸಿ. ಇನ್ನೊಂದು ಗಮನಿಸಿ: ಅವರ ಹಾಡುಗಳಲ್ಲಿ ಜ್ಯಾಕ್ ಡಿ ಲಾ ರೋಚಾ ಮಾತು ಹೇಳುವಾಗ ಗಿಟಾರ್ ಬಹಳ ಸಲ ತಗ್ಗುತ್ತದೆ ಅಥವಾ ಸುಮ್ಮನಾಗುತ್ತದೆ, ಮಾತು ಮುಗಿದಾಗ ಎರಗುತ್ತದೆ. ನಮ್ಮ ಕಾಲೇಜು ಬ್ಯಾಂಡ್‌ಗೆ ಹೊಳೆಯದೇ ಹೋದ ವಿವೇಕ ಅದು.

ಹಳೇ_ಕ್ಯಾಸೆಟ್

ಮೇಲಿನ ಎರಡೂ ಉತ್ತರಗಳು ತಿಳಿವಳಿಕೆಯಿಂದ ಕೂಡಿವೆ, ಆದರೆ ಪ್ರಶ್ನೆ ಕೇಳಿದವರ ಸ್ನೇಹಿತರನ್ನು ಅಷ್ಟು ಬೇಗ ಸೋಲಿಸಬಾರದೆಂದು ನನ್ನ ಅಭಿಪ್ರಾಯ. ಬೆರಕೆ ಒಳಗಿನದೇ ಆಗಿದ್ದರೂ ಅದನ್ನು ಮಾರಿದ ಬಗೆಯಲ್ಲಿ ಲೆಕ್ಕಾಚಾರ ಇರಲಿಲ್ಲವೆಂದು ಹೇಳಲಾಗದು.

1980ರ ದಶಕದ ಆರಂಭದಲ್ಲಿ ಅಮೆರಿಕದ ಎಂಟಿವಿ ವಾಹಿನಿಯಲ್ಲಿ ಕಪ್ಪು ಕಲಾವಿದರ ವಿಡಿಯೊಗಳು ತೀರ ವಿರಳವಾಗಿದ್ದವು. ಅದು ರಾಕ್ ವಾಹಿನಿ ಎಂಬ ನೆವ ಸಿದ್ಧವಾಗಿತ್ತು. ‘ರಾಕ್ ಬಾಕ್ಸ್’ ಅಲ್ಲಿ ಪ್ರಸಾರವಾದ ಮೊದಲ ರ‍್ಯಾಪ್ ವಿಡಿಯೊ ಎಂದು ಹೆಸರಾಗಿದೆ. ಗಿಟಾರ್ ಇಲ್ಲದಿದ್ದರೆ ಆ ಬಾಗಿಲು ಅಂದೇ ತೆರೆಯುತ್ತಿತ್ತೆಂದು ನನಗೆ ತೋರುವುದಿಲ್ಲ. ‘ಕಿಂಗ್ ಆಫ್ ರಾಕ್’ ವಿಡಿಯೊ ಈ ಸಂಗತಿಯನ್ನೇ ಹಾಸ್ಯ ಮಾಡುತ್ತದೆ. ಇಬ್ಬರೂ ರಾಕ್ ಸಂಗೀತದ ವಸ್ತುಸಂಗ್ರಹಾಲಯವೊಂದಕ್ಕೆ ಹೋದರೆ, ಬಾಗಿಲಲ್ಲಿರುವ ಕಾವಲುಗಾರ ನಿಮಗಿಲ್ಲಿ ಜಾಗವಿಲ್ಲವೆಂದು ನಗುತ್ತಾನೆ. ಇವರು ನುಗ್ಗಿಯೇ ಬಿಡುತ್ತಾರೆ. ಆಗಿನ್ನೂ ಕ್ಲೀವ್‌ಲ್ಯಾಂಡ್‌ನ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಕಟ್ಟಡವೇ ಇರಲಿಲ್ಲ, ಅದು ತೆರೆದದ್ದು 1995ರಲ್ಲಿ. ರನ್-ಡಿಎಂಸಿಯನ್ನು ಅದು ಸೇರಿಸಿಕೊಂಡದ್ದು 2009ರಲ್ಲಿ. ಅಷ್ಟರಲ್ಲಿ ಜಾಮ್ ಮಾಸ್ಟರ್ ಜೇ ಇರಲಿಲ್ಲ. 2002ರ ಅಕ್ಟೋಬರ್ 30ರಂದು ಕ್ವೀನ್ಸ್‌ನ ತಮ್ಮ ಸ್ಟುಡಿಯೋದಲ್ಲಿಯೇ ಗುಂಡೇಟಿಗೆ ಬಲಿಯಾಗಿದ್ದರು.

‘ವಾಕ್ ದಿಸ್ ವೇ’ ವಿಡಿಯೊವನ್ನೂ ನೋಡಿ. ಅಕ್ಕಪಕ್ಕದ ಎರಡು ಕೋಣೆ, ನಡುವೆ ಗೋಡೆ, ಎರಡೂ ಕಡೆಯವರಿಗೆ ಆಚೆಯವರ ಗದ್ದಲದಿಂದ ಕಿರಿಕಿರಿ. ಕೊನೆಗೆ ಟೈಲರ್ ಮೈಕ್ ಸ್ಟ್ಯಾಂಡಿನಿಂದ ಗೋಡೆ ಒಡೆದು ತಲೆ ತೂರಿಸುತ್ತಾರೆ. ಗೋಡೆ ಒಡೆದವರು ಬಿಳಿಯರೆಂಬ ಚಿತ್ರ ಮನಸ್ಸಿನಲ್ಲಿ ಉಳಿಯುತ್ತದೆ. ‘ಎರಡು_ತಟ್ಟೆ’ ಅವರು ಹೇಳಿದ ಇತಿಹಾಸ ಅದಕ್ಕೆ ಸರಿಯಾಗಿ ತಿರುಗುಮುರುಗು. ವಾಸ್ತವದಲ್ಲಿ ಆಗ ನೆರವು ಬೇಕಾಗಿದ್ದದ್ದು ಏರೋಸ್ಮಿತ್‌ಗೆ: ಮಾದಕ ವಸ್ತುಗಳಿಂದ ನಲುಗಿದ್ದ ಅವರ 1985ರ ಆಲ್ಬಮ್ ನಿರಾಸೆ ತಂದಿತ್ತು, ರ‍್ಯಾಪ್ ಹಾಡಿನ ಹೆಗಲೇರಿ ಮತ್ತೆ ಜನರ ಕಣ್ಣಿಗೆ ಬಿದ್ದ ಮೇಲೆ 1987ರ ‘ಪರ್ಮನೆಂಟ್ ವೆಕೇಶನ್’ ಅವರನ್ನು ಎತ್ತಿ ನಿಲ್ಲಿಸಿತು.

ಕೀರ್ತಿಯ ಹಂಚಿಕೆಯೂ ನನ್ನನ್ನು ಕಾಡುತ್ತದೆ. ಈ ಬೆರಕೆಯ ಮಾತು ಬಂದಾಗಲೆಲ್ಲ ಎಲ್ಲರೂ ರಿಕ್ ರೂಬಿನ್ ಹೆಸರು ಹೇಳುತ್ತಾರೆ. ಅವರ 1986 ಅಸಾಧಾರಣ ವರ್ಷವೇ ಹೌದು: ‘ರೈಸಿಂಗ್ ಹೆಲ್’, ಮೆಟಲ್ ಬ್ಯಾಂಡ್ ಸ್ಲೇಯರ್‌ನ ‘ರೇನ್ ಇನ್ ಬ್ಲಡ್’, ಬೀಸ್ಟೀ ಬಾಯ್ಸ್ ಗುಂಪಿನ ‘ಲೈಸೆನ್ಸ್ಡ್ ಟು ಇಲ್’, ಮೂರೂ ಒಂದೇ ವರ್ಷದಲ್ಲಿ ಬಂದವು, ಸ್ಲೇಯರ್‌ನ ಕೆರಿ ಕಿಂಗ್ ಬೀಸ್ಟೀ ಬಾಯ್ಸ್ ಹಾಡೊಂದಕ್ಕೆ ಗಿಟಾರ್ ಸೋಲೊವನ್ನೂ ನುಡಿಸಿದರು. ಆದರೆ ‘ರಾಕ್ ಬಾಕ್ಸ್’ ಮತ್ತು ‘ಕಿಂಗ್ ಆಫ್ ರಾಕ್’ ಹಾಡುಗಳು ರೂಬಿನ್ ಬರುವ ಮೊದಲಿನವು. ಅವುಗಳನ್ನು ರನ್ ಅವರ ಅಣ್ಣ ರಸೆಲ್ ಸಿಮನ್ಸ್ ಜೊತೆ ಸೇರಿ ರೂಪಿಸಿದವರು ಲ್ಯಾರಿ ಸ್ಮಿತ್ ಎಂಬ ಕಪ್ಪು ಸಂಗೀತಗಾರರು, ಮೂಲತಃ ಬೇಸ್ ಗಿಟಾರ್ ವಾದಕರು. 2014ರಲ್ಲಿ ಅವರು ತೀರಿಕೊಂಡಾಗ ಎಷ್ಟು ಜನ ಗಮನಿಸಿದರೋ. ಇನ್ನು, ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯಲ್ಲಿ 1ನೆಯ ಸ್ಥಾನ ಹಿಡಿದ ಮೊದಲ ರ‍್ಯಾಪ್ ಆಲ್ಬಮ್ ರನ್-ಡಿಎಂಸಿಯದಲ್ಲ, ಮೂವರು ಬಿಳಿಯ ಹುಡುಗರಾದ ಬೀಸ್ಟೀ ಬಾಯ್ಸ್‌ರದು, 1987ರಲ್ಲಿ. ಅವರ ಸಂಗೀತವನ್ನು ನಾನು ಕಡೆಗಣಿಸುತ್ತಿಲ್ಲ. ಹಾರ್ಡ್‌ಕೋರ್ ಪಂಕ್ ನುಡಿಸುತ್ತಿದ್ದು ರ‍್ಯಾಪ್‌ಗೆ ಬಂದವರಾದ್ದರಿಂದ ಅವರ ಬೆರಕೆಯೂ ಪ್ರಾಮಾಣಿಕವೇ. ಆದರೂ ಸ್ನೇಹಿತರ ಅನುಮಾನಕ್ಕೆ ಆಧಾರವಿದೆ.

ಕೊನೆಯದಾಗಿ, ರ‍್ಯಾಪ್ ಮಾಡುವವರೇ ರಾಕ್‌ನ ಮನೆಗೆ ಯಜಮಾನರಾಗಿ ಹೋದ ಉದಾಹರಣೆಯೊಂದನ್ನು ಸೇರಿಸಿಕೊಳ್ಳಿ. ಲಾಸ್ ಏಂಜಲೀಸ್‌ನ ಐಸ್-ಟಿ ತಮ್ಮ ಶಾಲಾ ಗೆಳೆಯ, ಗಿಟಾರ್ ವಾದಕ ಅರ್ನಿ ಸಿ ಜೊತೆ 1990ರಲ್ಲಿ ಬಾಡಿ ಕೌಂಟ್ ಎಂಬ ಮೆಟಲ್ ಬ್ಯಾಂಡ್ ಕಟ್ಟಿದರು. 1992ರಲ್ಲಿ ಪೊಲೀಸರ ವಿರುದ್ಧದ ಅವರ ಹಾಡೊಂದು ದೇಶವನ್ನೇ ಕೆರಳಿಸಿದಾಗ ಪತ್ರಿಕೆಗಳು ಅದನ್ನು ರ‍್ಯಾಪ್ ಹಾಡೆಂದೇ ಬರೆದವು. ಅದು ರಾಕ್ ಹಾಡೆಂದು ಐಸ್-ಟಿ ಎಷ್ಟು ಹೇಳಿದರೂ ಕೇಳುವವರಿರಲಿಲ್ಲ. ಸಂಗೀತದ ಪ್ರಕಾರವನ್ನು ಕಿವಿಯಿಂದಲ್ಲದೆ ಕಣ್ಣಿನಿಂದ ತೀರ್ಮಾನಿಸಿದ್ದಕ್ಕೆ ಇದಕ್ಕಿಂತ ಚೊಕ್ಕ ನಿದರ್ಶನ ನನಗೆ ಸಿಕ್ಕಿಲ್ಲ. ಅದೇ ಬ್ಯಾಂಡ್‌ಗೆ 2021ರಲ್ಲಿ ಮೆಟಲ್ ವಿಭಾಗದ ಗ್ರ್ಯಾಮಿ ಬಂತು.

ಕೇಳುಗ_ಧಾರವಾಡ

ಮೂವರಿಗೂ ಋಣಿ. ತಂಬೂರಿಯ ಹೋಲಿಕೆಯನ್ನು ನಿನ್ನೆ ಸಂಜೆಯೇ ಸ್ನೇಹಿತರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಂಬೂರಿ ಯಾರ ಕಿವಿಯನ್ನೂ ಕಿವುಡು ಮಾಡುವುದಿಲ್ಲ ಎಂದರು. ಅರ್ಧ ಗೆದ್ದೆನೆಂದು ಭಾವಿಸಿದ್ದೇನೆ. ಒಂದು ಉಪಪ್ರಶ್ನೆ ಉಳಿದಿದೆ. ಮೂಲ ಹಾಡಿನಲ್ಲಿ ಸ್ಟೀವನ್ ಟೈಲರ್ ಹಾಡುವ ಚರಣವೇ ನನಗೆ ಅರ್ಧ ರ‍್ಯಾಪ್‌ನಂತೆ ಕೇಳುತ್ತದೆ. ಇದು ನನ್ನ ಭ್ರಮೆಯೇ? ರ‍್ಯಾಪ್‌ನ ಸಾಲಿಗೆ ನಮ್ಮ ಛಂದಸ್ಸಿನಲ್ಲಿರುವಂತೆ ಮಾತ್ರೆಯ ಲೆಕ್ಕವೇನಾದರೂ ಇದೆಯೇ?

ರಗಳೆ_ಪ್ರಿಯ

ಭ್ರಮೆಯಲ್ಲ. ಟೈಲರ್ ಹಾಡುಗಾರರಾಗುವ ಮೊದಲು ಡ್ರಮ್ಸ್ ನುಡಿಸುತ್ತಿದ್ದವರು. ಆ ಚರಣದಲ್ಲಿ ಅವರು ಪದಗಳನ್ನು ಸ್ವರಕ್ಕಿಂತ ಹೆಚ್ಚಾಗಿ ಪೆಟ್ಟುಗಳಾಗಿ ಬಳಸಿದ್ದಾರೆ. ರನ್ ಮತ್ತು ಡಿಎಂಸಿ ಒಪ್ಪದೆ ಒಪ್ಪಿಕೊಂಡು ಅದೇ ಮಾತುಗಳನ್ನು ಹೇಳಿದಾಗ ಅವು ಬಾಯಿಗೆ ತೊಡರದೆ ಹೊರಟದ್ದು ಆ ಕಾರಣದಿಂದ.

ಮಾತ್ರೆಯ ಲೆಕ್ಕ ಕೇಳಿದ್ದೀರಿ. ರಾಕ್ ಮತ್ತು ರ‍್ಯಾಪ್ ಎರಡೂ ಬಹುಪಾಲು ನಾಲ್ಕು ಪೆಟ್ಟಿನ ಅಳತೆಯಲ್ಲಿ ನಡೆಯುತ್ತವೆ. ಒಂದೊಂದು ಪೆಟ್ಟನ್ನು ನಾಲ್ಕಾಗಿ ಒಡೆದರೆ ಒಂದು ಅಳತೆಗೆ ಹದಿನಾರು ಸಣ್ಣ ಮನೆಗಳು. ರ‍್ಯಾಪ್ ಮಾಡುವವನು ಅಕ್ಷರಗಳನ್ನು ಕೂರಿಸುವುದು ಈ ಮನೆಗಳಲ್ಲಿ. ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು ಹದಿನಾರು ಮಾತ್ರೆ: ಇದು ನಮ್ಮ ಮಂದಾನಿಲ ರಗಳೆಯ ಸಾಲೇ ಅಲ್ಲವೇ? ಹರಿಹರನ ಓದುಗರಿಗೆ ಬೇರೆ ವಿವರಣೆ ಬೇಡ. ಎರಡೆರಡು ಸಾಲಿಗೆ ಪ್ರಾಸ ಹೊಂದಿಸುವುದೂ ಎರಡು ಕಡೆಗೂ ಸಮಾನ. ಪರೀಕ್ಷೆಗೆಂದು ನಾನೇ ಹೊಸೆದ ಎರಡು ಸಾಲು ಕೊಡುತ್ತೇನೆ, ಕಾವ್ಯವೆಂದು ತಿಳಿಯಬೇಡಿ:

ಕಲ್ಲಿನ | ಬೀದಿಯ | ಕಂಬದ | ಬೆಳಕಲಿ
ಎಲ್ಲರ | ಮಾತಿಗೆ | ತಂತಿಯು | ಮೊಳಗಲಿ

‘ರಾಕ್ ಬಾಕ್ಸ್’ ಹಾಡಿನ ಲಯ ಹಾಕಿಕೊಂಡು ಗಣಕ್ಕೊಂದು ಪೆಟ್ಟಿನಂತೆ ಇದನ್ನು ಗಟ್ಟಿಯಾಗಿ ಹೇಳಿ ನೋಡಿ, ಎಲ್ಲಿಯೂ ಎಡವುವುದಿಲ್ಲ. ಆದರೆ ಕುಮಾರವ್ಯಾಸನನ್ನು ಈ ಗಿಟಾರಿಗೆ ಹೇಳಹೋದರೆ ಭಾಮಿನಿಯ ಮೂರು-ನಾಲ್ಕರ ಮಿಶ್ರ ನಡೆ ಎರಡನೆಯ ಪೆಟ್ಟಿಗೇ ಸಮ ತಪ್ಪುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬೇಡಿ. ಇಂಗ್ಲಿಷಿನಲ್ಲಿ ಎಣಿಕೆ ಒತ್ತಿನದು, ಅಕ್ಷರದ ಉದ್ದದ್ದಲ್ಲ. ಒತ್ತಿಲ್ಲದ ಅಕ್ಷರಗಳನ್ನು ಬೇಕಾದಂತೆ ಹಿಂಡಿ ಒಂದು ಮನೆಗೆ ಎರಡು ತುರುಕಬಹುದು. ಕನ್ನಡದಲ್ಲಿ ದೀರ್ಘವನ್ನು ಹ್ರಸ್ವ ಮಾಡಿದರೆ ಪದವೇ ಬೇರೆಯಾದೀತು. ಅಲ್ಲದೆ ಅವರ ಪ್ರಾಸ ಸಾಲಿನ ಕೊನೆಗೆ ಬೀಳುತ್ತದೆ, ರಿಫ್ ಕೂಡ ಅಲ್ಲೇ ಮುಗಿದು ಮತ್ತೆ ಸಮಕ್ಕೆ ಹಾರುತ್ತದೆ, ಆದ್ದರಿಂದ ಮಾತು ಮತ್ತು ತಂತಿ ಒಟ್ಟಿಗೆ ಬಾಗಿಲು ಮುಚ್ಚಿದಂತೆ ಕೇಳುತ್ತದೆ. ನಮ್ಮ ಹಳೆಯ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ, ಬಾಗಿಲು ತೆರೆಯುವಾಗಲೇ ಸದ್ದು ಮಾಡುವಂಥದ್ದು. ರಗಳೆಯಲ್ಲಿ ಎರಡನ್ನೂ ಇಟ್ಟುಕೊಳ್ಳಬಹುದು. ನನ್ನ ಸಾಲುಗಳಲ್ಲಿ ಹಾಗೆ ಮಾಡಿದ್ದೇನೆ.

ಎರಡು_ತಟ್ಟೆ

‘ಹಳೇ_ಕ್ಯಾಸೆಟ್’ ಅವರು ಲ್ಯಾರಿ ಸ್ಮಿತ್ ಅವರನ್ನು ನೆನಪಿಸಿದ್ದಕ್ಕೆ ವಂದನೆಗಳು, ಅದು ನಾನೇ ಹೇಳಬೇಕಾಗಿದ್ದ ಮಾತು. ಆದರೆ ಮಾರಾಟದ ಲೆಕ್ಕಾಚಾರವನ್ನು ಒಂದೇ ಕಡೆಗೆ ಹೊರಿಸಬೇಡಿ. ಬೆರಕೆ ಬರೀ ಕಂಪನಿಯ ಉಪಾಯವಾಗಿದ್ದರೆ ಆ ಹಾಡಿನ ಗೆಲುವಿನೊಂದಿಗೆ ಮುಗಿಯುತ್ತಿತ್ತು. 1988ರಲ್ಲಿ ಪಬ್ಲಿಕ್ ಎನಿಮಿ ಎಂಬ ರ‍್ಯಾಪ್ ಗುಂಪು ಸ್ಲೇಯರ್‌ನ ರಿಫ್ ಒಂದನ್ನು ಕತ್ತರಿಸಿ ತನ್ನ ಹಾಡಿಗೆ ಹಾಕಿಕೊಂಡಾಗ ಯಾವ ರೇಡಿಯೊವನ್ನೂ ಮೆಚ್ಚಿಸುವ ಉದ್ದೇಶ ಅವರಿಗಿದ್ದಂತೆ ಕಾಣುವುದಿಲ್ಲ. ಆ ರಿಫ್ ಅವರಿಗೆ ಸೈರನ್‌ನಂತೆ ಬೇಕಾಗಿತ್ತು. 1991ರಲ್ಲಿ ಅವರೂ ಮೆಟಲ್ ಬ್ಯಾಂಡ್ ಆ್ಯಂಥ್ರಾಕ್ಸ್‌ನವರೂ ಸೇರಿ ‘ಬ್ರಿಂಗ್ ದ ನಾಯ್ಸ್’ ಹಾಡನ್ನು ಮತ್ತೆ ಮಾಡಿದರು, ಒಟ್ಟಿಗೆ ಊರೂರು ಸುತ್ತಿದರು. ಅಲ್ಲಿ ಕೇಳಿ ಬಂದವರು ಮೆಟಲ್ ಕಡೆಯವರು. ಗಂಟೆಯ ಕೊನೆಗೆ ಸಮಯ ಉಳಿದರೆ ಅದನ್ನು ಹಾಕಿ, ಆದರೆ ವಾಲ್ಯೂಮ್ ಗುಂಡಿಯ ಮೇಲೆ ಕೈ ಇರಲಿ.

ಕೇಳುಗ_ಧಾರವಾಡ

ಕಾರ್ಯಕ್ರಮದ ಕ್ರಮ ತೀರ್ಮಾನವಾಯಿತು. ಮೊದಲು 1975ರ ರೆಕಾರ್ಡಿನ ಆ ಎರಡು ಆವರ್ತದ ಡ್ರಮ್ಸ್ ಮಾತ್ರ; ಗಿಟಾರ್ ಬರುವಷ್ಟರಲ್ಲಿ ಮುಳ್ಳನ್ನು ಎತ್ತಿ ಮತ್ತೆ ಮೊದಲಿಗೆ ಇಡುತ್ತೇನೆ. ಹೀಗೆ ಐದಾರು ಸಲ, ಯಾರಾದರೂ ಗೊಣಗುವವರೆಗೆ. ಆಮೇಲೆ ‘ಸಕರ್ ಎಂಸೀಸ್’, ‘ರಾಕ್ ಬಾಕ್ಸ್’, ಅನಂತರ 1986ರ ‘ವಾಕ್ ದಿಸ್ ವೇ’ ಪೂರ್ತಿಯಾಗಿ, ಮೊರೆಲ್ಲೊ ಅವರ ಕೈಗಳ ವಿಡಿಯೊ, ಬಾಡಿ ಕೌಂಟ್‌ನದೊಂದು ಹಾಡು. ‘ರಗಳೆ_ಪ್ರಿಯ’ ಅವರ ಎರಡು ಸಾಲುಗಳನ್ನು ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿಂದ ಹೇಳಿಸುವ ಯೋಚನೆಯಿದೆ, ಅವರಿನ್ನೂ ಒಪ್ಪಿಲ್ಲ.

ಒಂದೇ ಅಡಚಣೆ. ನನ್ನ ಹಳೆಯ ಟರ್ನ್‌ಟೇಬಲ್‌ನ ಬೆಲ್ಟ್ ಸಡಿಲವಾಗಿ ನಿಧಾನಕ್ಕೆ ತಿರುಗುತ್ತಿದೆ, ಡ್ರಮ್ಸ್ ಜ್ವರ ಬಂದವರ ನಡಿಗೆಯಂತೆ ಕೇಳುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿರುವ ಯಾರಾದರೂ ಒಂದು ದಿನದ ಮಟ್ಟಿಗೆ ತಮ್ಮದನ್ನು ಕೊಡಲು ಸಾಧ್ಯವಿದ್ದರೆ ತಿಳಿಸಿ, ನಾನೇ ಬಂದು ಒಯ್ದು, ಮರುದಿನ ಬೆಳಿಗ್ಗೆ ತಂದು ಮುಟ್ಟಿಸುತ್ತೇನೆ.